ಕೇಳಿಸಿಕೊಳ್ಳುವ ಮುಖ

ಸ್ಟುಡಿಯೋ, ಮೇಲಿನ ಪ್ಯಾನೆಲ್ ಕೋಣೆ
ಬುಧವಾರ, ಮಧ್ಯಾಹ್ನದ ಊಟದ ಬಿಡುವು

ಅಕ್ಕಾ,

ನೀನು ಮೇಕಪ್ಪಿನವಳ ಕೈಯಲ್ಲಿ ಕಳಿಸಿದ ಪತ್ರ ಬಂದು ಸೇರಿತು. "ಪ್ರೀತಿಯ ತಂಗಿಗೆ" ಎಂದು ಶುರು ಮಾಡಿದ್ದೀಯ. ಇದಕ್ಕೆ ಮೊದಲು ನೀನು ನನ್ನನ್ನು ಹಾಗೆ ಕರೆದದ್ದು ಪ್ರಶಸ್ತಿ ತೆಗೆದುಕೊಳ್ಳುವಾಗ, ಮೈಕಿನ ಮುಂದೆ. ಹಾಗಾಗಿ ಮುಂದಕ್ಕೆ ಓದುವ ಮೊದಲೇ ನಿನಗೆ ಏನೋ ಬೇಕಾಗಿದೆ ಎಂದು ಗೊತ್ತಾಯಿತು. ಫೋನ್ ಎತ್ತುವುದಿಲ್ಲ ಎಂದು ಬೈದಿದ್ದೀಯ. ನಿಜ, ಎತ್ತುವುದಿಲ್ಲ. ನೀನು ಫೋನಿನಲ್ಲಿ ಅತ್ತರೆ ಅದರಲ್ಲಿ ಅಸಲಿ ಎಷ್ಟು, ನಟನೆ ಎಷ್ಟು ಎಂದು ಯೋಚಿಸುತ್ತ ಕೂರುವ ಪುರುಸೊತ್ತು ನನಗಿಲ್ಲ.

ನೀನು ಕೇಳಿರುವುದು ದೊಡ್ಡದೇನಲ್ಲ. ನಮ್ಮ ಧಾರಾವಾಹಿಯಲ್ಲಿ ನೀನು ಮಾಡುತ್ತಿರುವ ಅಮ್ಮನ ಪಾತ್ರವನ್ನು ಮುಗಿಸಿಬಿಡಲು ಚಾನೆಲ್ಲಿನವರು ಹೊರಟಿದ್ದಾರೆ. ಆ ಅಮ್ಮ ಯಾವುದೋ ದೂರದ ಊರಿಗೆ ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಶುಕ್ರವಾರ ಅದರ ಸಭೆ. ಮಗಳ ಮಾತು ಕೇಳುತ್ತಿರುವಾಗಿನ ನಿನ್ನ ಮುಖದ ಒಂದೇ ಒಂದು ಒಳ್ಳೆಯ ಶಾಟ್ ತಂದು ತೋರಿಸಿದರೆ ನಿನ್ನನ್ನು ಉಳಿಸಿಕೊಳ್ಳುವ ಬಗ್ಗೆ ಯೋಚಿಸುತ್ತೇನೆ ಎಂದು ಅವರ ಮುಖ್ಯಸ್ಥರು ಹೇಳಿದ್ದಾರಂತೆ. ಮೂರು ಕ್ಯಾಮೆರಾಗಳಲ್ಲಿ ಎಲ್ಲೋ ಒಂದು ಕಡೆ ನಾನು ಸರಿಯಾಗಿ ಇದ್ದೇ ಇರುತ್ತೇನೆ, ಹುಡುಕಿ ಕೊಡು, ಇದೂ ಹೋದರೆ ಇನ್ನು ನನ್ನನ್ನು ಯಾರೂ ಕರೆಯುವುದಿಲ್ಲ ಎಂದು ಬರೆದಿದ್ದೀಯ. ಹುಡುಕಿದೆ, ಅಕ್ಕಾ. ಅಂಥ ಶಾಟ್ ಇಲ್ಲ.

ಇಷ್ಟು ಬರೆದು ಸಹಿ ಹಾಕಬಹುದಿತ್ತು. ಆದರೆ ಯಾಕೆ ಇಲ್ಲ ಎಂಬುದೂ ನಿನಗೆ ತಿಳಿಯಬೇಕು, ಇಲ್ಲದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ.

ನಾವಿಬ್ಬರೂ ಒಟ್ಟಿಗೆ ಮಾಡಿದ ಸಿನಿಮಾ ನಿನಗೆ ನೆನಪಿರುವುದು ನಿನಗೆ ಬಂದ ಪ್ರಶಸ್ತಿಯಿಂದ. ನನಗೆ ನೆನಪಿರುವುದು ಆ ರೈಲ್ವೆ ವೇಟಿಂಗ್ ರೂಮಿನ ಸೆಟ್ಟಿನಿಂದ. ಅದರಲ್ಲೂ ನಾವು ಅಕ್ಕತಂಗಿಯರೇ. ಮನೆ ಬಿಟ್ಟು ಹೊರಟ ಅಕ್ಕನನ್ನು ತಂಗಿ ತಡೆಯುವ ದೃಶ್ಯ. ಇದ್ದದ್ದು ಒಂದೇ ಕ್ಯಾಮೆರಾ, ಹಾಗಾಗಿ ಬೆಳಿಗ್ಗೆಯೆಲ್ಲ ನಿನ್ನ ಕಡೆಯದು, ಮಧ್ಯಾಹ್ನ ಲೈಟು ತಿರುಗಿಸಿಕೊಂಡು ನನ್ನ ಕಡೆಯದು ಎಂದು ನಿರ್ದೇಶಕರು ನಿಗದಿ ಮಾಡಿದ್ದರು. ಬೆಳಿಗ್ಗೆ ನಿನ್ನ ಕ್ಲೋಸಪ್ ನಡೆಯುವಾಗ ನಾನು ಲೆನ್ಸಿನ ಪಕ್ಕದಲ್ಲಿ, ಸಿಮೆಂಟಿನ ನೆಲದ ಮೇಲೆ ಮಂಡಿಯೂರಿ ಕೂತಿದ್ದೆ. ಚಿತ್ರದಲ್ಲಿ ನಾನು ಕಾಣಿಸುವ ಹಾಗಿರಲಿಲ್ಲ, ಧ್ವನಿಯೂ ಉಳಿಯುತ್ತಿರಲಿಲ್ಲ. ಆದರೂ ಪ್ರತಿ ಟೇಕಿಗೂ ನಿನಗೆ ನನ್ನ ಮಾತುಗಳನ್ನು ನಿಜವಾಗಿ ಅತ್ತುಕೊಂಡೇ ಹೇಳಿದೆ, ಯಾಕೆಂದರೆ ಎದುರಿಗಿರುವವರು ಅತ್ತರೆ ಮಾತ್ರ ನಿನ್ನ ಕಣ್ಣು ಒದ್ದೆಯಾಗುತ್ತದೆ ಎಂದು ಚಿಕ್ಕಂದಿನಿಂದ ಬಲ್ಲೆ. ನಿನ್ನ ಕಣ್ಣು ತುಂಬಿ ಬಂತು. ಲೈಟಿನವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಊಟ ಮುಗಿಸಿ ಬಂದರೆ ನೀನು ಇರಲಿಲ್ಲ. ತಲೆನೋವು ಎಂದು ಹೇಳಿ ಹೋದಳು ಎಂದರು. ನೀನು ನಿಲ್ಲಬೇಕಾದ ಜಾಗದಲ್ಲಿ ಒಂದು ಲೈಟ್ ಸ್ಟ್ಯಾಂಡ್ ನಿಲ್ಲಿಸಿ, ನಿನ್ನ ಕಣ್ಣಿನ ಎತ್ತರಕ್ಕೆ ಬಿಳಿ ಟೇಪು ಅಂಟಿಸಿದ್ದರು. ಆ ಟೇಪಿಗೆ ನಾನು "ನನ್ನ ಮುಖ ನೋಡಿ ಹೇಳಕ್ಕಾ" ಎನ್ನಬೇಕಿತ್ತು. ನಿನ್ನ ಮಾತುಗಳನ್ನು ಓದಲು ನಿಂತವನು ಸಹಾಯಕ ನಿರ್ದೇಶಕ. ಅವನಿಗೆ ಗಂಟಲು ಕಟ್ಟಿತ್ತು. ಜೊತೆಗೆ "ಬಿಕ್ಕುತ್ತಾ", "ಬಾಗಿಲ ಕಡೆ ತಿರುಗಿ" ಎಂಬ ಸ್ಕ್ರಿಪ್ಟಿನ ಸೂಚನೆಗಳನ್ನೂ ಬಿಡದೆ ಓದುತ್ತಿದ್ದ. ಮೂರನೇ ಸಲ ಅವನು "ಬಿಕ್ಕುತ್ತಾ" ಎಂದಾಗ ನನಗೆ ನಗು ಬಂತು. ಹೆದರಿಕೆಯ ನಗು. ನಿರ್ದೇಶಕರು ಕಟ್ ಹೇಳಿ, ಎಲ್ಲರಿಗೂ ಕೇಳುವ ಹಾಗೆ, "ಈ ಹುಡುಗಿಗೆ ಅಳೋಕೆ ಬರಲ್ಲ, ಹಿಂದಿನಿಂದ ಭುಜ ತಗೊಂಡು ಮುಗಿಸಿ" ಎಂದರು.

ಹಾಗೇ ಮುಗಿಸಿದರು. ಸಿನಿಮಾದಲ್ಲಿ ಆ ದೃಶ್ಯದುದ್ದಕ್ಕೂ ಇರುವುದು ನಿನ್ನ ಮುಖ, ನನ್ನ ಭುಜ. ಅಳಲು ಬಾರದ ಹುಡುಗಿ ಎಂಬ ಮಾತು ಒಂದು ಆಫೀಸಿನಿಂದ ಇನ್ನೊಂದಕ್ಕೆ ನನಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಆಮೇಲೆ ನನಗೆ ಒಂದು ಪಾತ್ರವೂ ಸಿಗಲಿಲ್ಲ.

ಅಂದು ಸಂಜೆ ಹೊರಗೆ ಬಂದಾಗ ನೀನು ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಹಾಡು ಕೇಳುತ್ತಿದ್ದೆ. ಒಳಗೆ ಏನಾಯಿತು ಎಂದು ನಾನು ಹೇಳಿದೆ. ನೀನು ಹೇಳಿದ್ದು ಇದು: "ನನ್ನ ಕ್ಲೋಸಪ್ ಮುಗೀತಲ್ಲ, ಇನ್ನು ಅಲ್ಲಿ ನಂಗೇನ್ ಕೆಲಸ?" ಸಿಟ್ಟಿನಿಂದ ಹೇಳಲಿಲ್ಲ, ಕೊಬ್ಬಿನಿಂದಲೂ ಹೇಳಲಿಲ್ಲ. ನಿಜವಾಗಿ ನಿನಗೆ ಅರ್ಥವಾಗಿರಲಿಲ್ಲ. ಆ ದಿನದಿಂದ ನಿನ್ನನ್ನು ಕ್ಷಮಿಸಲು ನನಗೆ ಆಗಿಲ್ಲ, ಪ್ರಯತ್ನವನ್ನೂ ಪಟ್ಟಿಲ್ಲ.

ನಾನು ಟಿವಿಗೆ ಬಂದಾಗ ನೀನು ನೆಂಟರ ಮುಂದೆಲ್ಲ ಆಡಿಕೊಂಡೆ. ಸಿನಿಮಾ ಅಂದರೆ ಮನೆ ಅಡುಗೆ, ಒಂದೊಂದು ಸೌಟೂ ರುಚಿ ನೋಡಿ ಮಾಡುವುದು, ಟಿವಿಯವರದು ಹಾಸ್ಟೆಲ್ಲಿನ ಹಂಡೆ, ಮೂರು ಒಲೆ ಒಟ್ಟಿಗೆ ಹಚ್ಚಿ ಬೇಯಿಸಿ ಬಡಿಸುವುದು ಎಂದೆ. ಎಲ್ಲರೂ ನಕ್ಕರು. ಆ ಹಂಡೆಯ ಮುಂದೆಯೇ ನಾನು ಕೆಲಸ ಕಲಿತೆ. ಮೊದಲು ಯಾವ ಟೇಕು ಎಲ್ಲಿದೆ ಎಂದು ಗುರುತು ಹಾಕಿಕೊಳ್ಳುವ ಕೆಲಸ, ಆಮೇಲೆ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಿಸುವ ಪ್ಯಾನೆಲ್ಲಿನ ಗುಂಡಿಗಳು, ಈಗ ಇಡೀ ಧಾರಾವಾಹಿ. ಈ ಕೋಣೆಯಲ್ಲಿ ಕೂತರೆ ಎದುರಿಗೆ ಸಾಲಾಗಿ ಪರದೆಗಳು. ಕೆಳಗೆ ಕ್ಯಾಮೆರಾದವರ ಕಿವಿಯಲ್ಲಿ ನನ್ನ ಧ್ವನಿ. ಒಂದು ಅಂದರೆ ಒಂದು, ಮೂರು ಅಂದರೆ ಮೂರು. ಯಾರ ಮುಖ ಲೋಕಕ್ಕೆ ಕಾಣಬೇಕು ಎಂದು ತೀರ್ಮಾನಿಸುವುದು ನನ್ನ ಬೆರಳು.

ನಿನಗೆ ಸಿನಿಮಾಗಳು ನಿಂತು ಹೋದವು. ಅಮ್ಮನ ಪಾತ್ರಕ್ಕೆ ಯಾರು ಎಂಬ ಮಾತು ಬಂದಾಗ ನಿನ್ನ ಹೆಸರು ಹೇಳಿದವಳು ನಾನು. ಚಾನೆಲ್ಲಿನವರು ಬೇಡ ಎಂದರೂ ಹಟ ಹಿಡಿದೆ. ನೀನು ಮನೆಗೆ ಬಂದು ನನ್ನನ್ನು ತಬ್ಬಿಕೊಂಡೆ. ಹಳೆಯದೆಲ್ಲ ಮರೆತಿದ್ದಾಳೆ, ಎಷ್ಟೆಂದರೂ ಒಡಹುಟ್ಟಿದವಳು ಎಂದು ನಮ್ಮ ಅಮ್ಮನ ಹತ್ತಿರ ಹೇಳಿದೆಯಂತೆ. ತಬ್ಬಿಕೊಂಡಾಗ ನಾನು ನಿನ್ನ ಹೆಗಲ ಮೇಲಿನಿಂದ ಗೋಡೆ ನೋಡುತ್ತಿದ್ದೆ. ನೀನು ಬದಲಾಗಿಲ್ಲ ಎಂದು ನನಗೆ ಖಾತ್ರಿ ಇತ್ತು, ಅದನ್ನೇ ನಂಬಿ ನಿನ್ನನ್ನು ಕರೆಸಿದೆ.

ಮೊದಲ ದಿನವೇ ನೀನು ಕೆಂಪು ದೀಪದ ಗುಟ್ಟು ಕಂಡುಕೊಂಡೆ. ಪ್ಯಾನೆಲ್ಲಿನಿಂದ ಯಾವ ಕ್ಯಾಮೆರಾ ಆರಿಸುತ್ತೇವೋ ಅದರ ತಲೆಯ ಮೇಲೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ನಿನ್ನ ಕಡೆ ದೀಪ ಹೊತ್ತಿದರೆ ಮುಖ ಅರಳಿಸುವುದು, ಮಗಳ ಪಾತ್ರದ ಹುಡುಗಿಯ ಕಡೆ ಹೊತ್ತಿದರೆ ಮುಖ ಇಳಿಬಿಟ್ಟು ಆರಾಮಾಗುವುದು. ಮತ್ತೆ ಅದೇ, ಕ್ಲೋಸಪ್ ಮುಗೀತಲ್ಲ. ಆದರೆ ನಿನಗೆ ಗೊತ್ತಿಲ್ಲದ್ದು ಒಂದಿತ್ತು. ದೀಪ ಇರಲಿ ಬಿಡಲಿ, ನಮ್ಮಲ್ಲಿ ಮೂರು ಕ್ಯಾಮೆರಾಗಳೂ ಎಲ್ಲ ಹೊತ್ತೂ ಬೇರೆ ಬೇರೆಯಾಗಿ ರೆಕಾರ್ಡ್ ಆಗುತ್ತಿರುತ್ತವೆ. ಆಮೇಲೆ ಎಡಿಟಿಂಗಿನಲ್ಲಿ ಯಾವುದನ್ನು ಬೇಕಾದರೂ ಎತ್ತಿ ಸೇರಿಸಬಹುದು. ಹೊಸದಾಗಿ ಬಂದವರಿಗೆ ಇದನ್ನು ತಿಳಿಸಿಕೊಡಬೇಕಾದವಳು ನಾನು. ಆ ಹುಡುಗಿಗೆ ಹೇಳಿದ್ದೆ. ಅಡುಗೆಯವಳ ಪಾತ್ರದವಳಿಗೂ ಹೇಳಿದ್ದೆ. ನಿನಗೆ ಹೇಳಲಿಲ್ಲ.

ಎರಡನೇ ಕ್ಯಾಮೆರಾದ ಗಡ್ಡದವನಿಗೆ ನನ್ನ ಅಪ್ಪಣೆ ಒಂದೇ ಇತ್ತು, ಯಾರು ಮಾತಾಡಲಿ ಬಿಡಲಿ, ಅಮ್ಮನ ಮುಖ ಬಿಟ್ಟು ಕದಲಬೇಡ. ಪಾಪ ಅವನು ಇದು ಅಕ್ಕನ ಮೇಲಿನ ಅಭಿಮಾನ ಎಂದುಕೊಂಡಿದ್ದ. ಆ ಹುಡುಗಿ ಗಂಟಲು ಹರಿಯುವ ಹಾಗೆ ಅಳುವಾಗ ನೀನು ನಾಲಿಗೆಯಲ್ಲಿ ದವಡೆ ಹಲ್ಲು ತಡಕುತ್ತಿದ್ದೆ. ಅವಳು ತನಗೆ ಮಗು ಉಳಿಯಲಿಲ್ಲ ಎಂದು ಹೇಳುವಾಗ ಸೆಟ್ಟಿನ ಕಿಟಕಿ ಗಾಜಿನಲ್ಲಿ ನಿನ್ನ ಕೂದಲು ನೋಡಿಕೊಳ್ಳುತ್ತಿದ್ದೆ. ಆಕಳಿಕೆ ನುಂಗಿದಾಗ ನಿನ್ನ ಮೂಗಿನ ಹೊಳ್ಳೆ ಹೇಗೆ ಅಗಲವಾಗುತ್ತದೆ ಎಂದು ಈಗ ಊರಿಗೆಲ್ಲ ಗೊತ್ತು. ಇನ್ನೊಬ್ಬರ ಮಾತು ಮುಗಿಯುವುದನ್ನೇ ಕಾಯುತ್ತ, ನಿನ್ನ ಮಾತನ್ನು ತುಟಿಯಲ್ಲೇ ಗುಣುಗುಣು ಹೇಳಿಕೊಳ್ಳುತ್ತಿದ್ದೆ. ಅವೆಲ್ಲವನ್ನೂ ನಾನೇ ಕೂತು ಆರಿಸಿ, ಆ ಹುಡುಗಿಯ ಒಂದೊಂದು ಮಾತಿನ ನಡುವೆ ಒಂದೊಂದನ್ನು ಇಟ್ಟೆ. ಪೋಣಿಸುವಾಗ ಎಷ್ಟು ಖುಷಿಯಾಯಿತು ಗೊತ್ತೇ? ನಾನು ಮಾಡಿದ ಯಾವ ಕೆಲಸದಲ್ಲೂ ಅಷ್ಟು ಖುಷಿ ಕಂಡಿಲ್ಲ.

ಆಮೇಲಿನದು ನಿನಗೇ ಗೊತ್ತು. ಮಗಳು ಅತ್ತರೆ ಈ ಅಮ್ಮನಿಗೆ ಹಲ್ಲುನೋವು ಎಂದು ಜನ ಬರೆದರು. ನಿನ್ನ ಮುಖಕ್ಕೆ ತಮಾಷೆಯ ಸಂಗೀತ ಹಾಕಿ ಫೋನಿನಿಂದ ಫೋನಿಗೆ ಹರಿಬಿಟ್ಟರು. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕೂತ ಇಬ್ಬರು ಕಾಲೇಜು ಹುಡುಗಿಯರು ಅದನ್ನು ನೋಡಿ ಬಿದ್ದು ಬಿದ್ದು ನಕ್ಕರು. ಇಳಿಯಬೇಕಾದ ಸ್ಟಾಪ್ ಬಂದರೂ ನಾನು ಇಳಿಯದೆ ಕೇಳುತ್ತ ಕೂತೆ.

ನಾನು ಮೋಸ ಮಾಡಿಲ್ಲ, ಅಕ್ಕಾ. ಅದರಲ್ಲಿ ಒಂದು ಚೂರೂ ಸುಳ್ಳಿಲ್ಲ. ಆ ಮುಖ ನಿನ್ನದು, ಅದನ್ನು ನಾನು ಮಾಡಿಟ್ಟದ್ದಲ್ಲ. ಇಷ್ಟು ವರ್ಷ ಒಂದು ಕ್ಯಾಮೆರಾ ನಿನ್ನನ್ನು ಕಾಪಾಡಿತ್ತು, ಅದು ತಿರುಗಿದಾಗ ನೀನು ಹೇಗಿರುತ್ತೀಯ ಎಂದು ಕಂಡವಳು ನಾನೊಬ್ಬಳೇ ಆಗಿದ್ದೆ. ಈಗ ಎಲ್ಲರೂ ಕಂಡರು. ಎದುರಿಗಿರುವವರ ಮಾತನ್ನು ನೀನು ಈ ಧಾರಾವಾಹಿಯಲ್ಲಿ ಒಂದು ಸಲವೂ ಕೇಳಿಸಿಕೊಂಡಿಲ್ಲ. ಕೇಳಿಸಿಕೊಂಡಿದ್ದರೆ ತಾನೇ ಅಂಥ ಶಾಟ್ ಸಿಗುವುದು? ಚಾನೆಲ್ಲಿನವರಿಗೂ ಇದನ್ನೇ ಹೇಳಿದ್ದೇನೆ.

ಅಮ್ಮನಿಗೆ ಹೇಳಿ ನನ್ನನ್ನು ಒಪ್ಪಿಸುವ ಯೋಚನೆ ಇದ್ದರೆ ಬಿಡು. ಹೋದ ವಾರ ಅಮ್ಮ ನನ್ನ ಜೊತೆ ಕೂತು ನಮ್ಮ ಧಾರಾವಾಹಿ ನೋಡುತ್ತಿದ್ದಳು. ಅರ್ಧಕ್ಕೇ ಟಿವಿ ಆರಿಸಿ ಅಡುಗೆಮನೆಗೆ ಹೋದಳು, ತೊಳೆದಿಟ್ಟ ತಟ್ಟೆಗಳನ್ನೇ ಮತ್ತೆ ತೊಳೆದಳು. ಅಲ್ಲಿಂದಲೇ, ತಿರುಗಿ ನೋಡದೆ, "ಅವಳು ಹಂಗೇ ಇರೋದು. ಆದ್ರೆ ನೀನು ಹಿಂಗಿರ್ಲಿಲ್ಲ" ಎಂದಳು. ಆಮೇಲೆ ಇಬ್ಬರೂ ಊಟ ಮಾಡಿದೆವು, ಅಡುಗೆ ಚೆನ್ನಾಗಿದೆ ಎಂದೆ, ಅಷ್ಟೆ.

ಊಟದ ಬಿಡುವು ಮುಗಿಯುತ್ತ ಬಂತು, ಕೆಳಗೆ ಲೈಟು ಹಾಕುತ್ತಿದ್ದಾರೆ. ಈ ಪತ್ರವನ್ನೂ ಮೇಕಪ್ಪಿನವಳ ಕೈಯಲ್ಲೇ ಕಳಿಸುತ್ತೇನೆ. ನಾಳೆ ನಿನ್ನ ದೃಶ್ಯ ಒಂದೇ ಇದೆ, ಸಭೆಗೆ ಮೊದಲೇ ತೆಗೆದಿಡೋಣ ಎಂದು ನಾನೇ ಹಾಕಿಸಿದ್ದು: ಬಾಗಿಲು ತೆಗೆದು ಸೂಟ್‌ಕೇಸ್ ಹಿಡಿದು ಹೊರಗೆ ಹೋಗುವುದು. ಮಾತಿಲ್ಲ. ಕಲಿಯುವುದೇನೂ ಇಲ್ಲದ್ದರಿಂದ ಬೇಗ ಬರಬೇಕಾಗಿಲ್ಲ.

ಇತಿ, ಮೇಲಿನ ಕೋಣೆಯಿಂದ ನಿನ್ನನ್ನು ನೋಡುತ್ತಿರುವ,
ನಿನ್ನ ತಂಗಿ

ಮತ್ತೆ ಇನ್ನೊಂದು: ಒಂದು ಸಲವೂ ಇಲ್ಲ ಎಂದು ಮೇಲೆ ಬರೆದೆ. ಒಂದು ಸಲ ಇತ್ತು. ಮಗಳು ಮನೆ ಬಿಟ್ಟು ಹೋಗುತ್ತೇನೆ ಎನ್ನುವ ದೃಶ್ಯದ ಮೊದಲ ಟೇಕಿನಲ್ಲಿ ಆ ಹುಡುಗಿ ಮಾತು ಮರೆತು ನಿಂತುಬಿಟ್ಟಳು. ದೀಪ ಅವಳ ಕಡೆ ಇತ್ತು. ನೀನು ದೀಪ ನೋಡಲಿಲ್ಲ. ಅವಳನ್ನೇ ನೋಡುತ್ತ, ಎಷ್ಟು ಹೊತ್ತಾದರೂ ಪರವಾಗಿಲ್ಲ ಹೇಳು ಎನ್ನುವ ಹಾಗೆ ಕಾದೆ. ನಿನ್ನ ಕೆಳತುಟಿ ನಡುಗಿತು. ಅದನ್ನು ನೋಡಿ ಅವಳಿಗೆ ಮಾತು ನೆನಪಾಯಿತು. ಗಡ್ಡದವನು ಕೆಳಗಿನಿಂದ ಹೆಡ್‌ಫೋನಿನಲ್ಲಿ "ಮೇಡಂ, ಇದನ್ನ ತಗೊಳ್ಳಲ್ವಾ?" ಎಂದು ಕೇಳಿದ. ಮೈಕಿನ ನೆರಳು ಬಿದ್ದಿದೆ, ಇನ್ನೊಮ್ಮೆ ಮಾಡೋಣ ಎಂದೆ. ನೆರಳು ಬಿದ್ದಿರಲಿಲ್ಲ. ಎರಡನೇ ಟೇಕಿನಲ್ಲಿ ನೀನು ಎಂದಿನಂತೆ ಹಲ್ಲು ತಡಕಿದೆ.

ಆ ಮೊದಲ ಟೇಕು ಮೊನ್ನೆಯವರೆಗೂ ಇತ್ತು. ಹುಡುಕು ಎಂದು ನೀನು ಬರೆಯದೆ ಹೋಗಿದ್ದರೆ ಅದರ ಪಾಡಿಗೆ ಅದು ಇರುತ್ತಿತ್ತು. ನಿನ್ನ ಪತ್ರ ಓದಿ ನೇರ ಅಲ್ಲಿಗೇ ಹೋದೆ, ಬಾಗಿಲು ಹಾಕಿಕೊಂಡು ಮತ್ತೆ ಮತ್ತೆ ನೋಡಿದೆ, ಅತ್ತುಬಿಟ್ಟೆ, ಆಮೇಲೆ ಅದನ್ನು ಅಳಿಸಿಹಾಕಿದೆ. ಶುಕ್ರವಾರ ಅವರು ಕೇಳಿದರೆ ಅಂಥ ಶಾಟ್ ಇಲ್ಲ ಎಂದೇ ಹೇಳುತ್ತೇನೆ. ಈಗ ಅದು ಸುಳ್ಳೂ ಅಲ್ಲ.