ಖಾಲಿ ಚಿಪ್ಪು

ಕಾರ್ಖಾನೆಯ ಊಟದ ಕೋಣೆ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಆಸ್ಪತ್ರೆಯ ಆ ಕುರ್ಚಿಯಲ್ಲಿ ಮಲಗಿದರೆ ಯಾರ ಸೊಂಟ ತಾನೇ ನೆಟ್ಟಗಿದ್ದೀತು! ಗುಂಡಣ್ಣ ಈಗಲೂ ಗೋಡೆ ಹಿಡಿದೇ ಏಳುತ್ತಾನೆಯೇ? ಭಾವ ಬಂದಮೇಲೆ ನೀನು ಒಂದಿಷ್ಟು ಕಣ್ಣು ಮುಚ್ಚು. ಮಗನ ಕಾಟ ಅವರೂ ಸ್ವಲ್ಪ ಉಣ್ಣಲಿ.

ನನಗೆ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕೆಲಸ ಏನೆಂದು ನೀನು ಕೇಳಿದಾಗಲೆಲ್ಲ "ಸೋಸೋದು ಕಣೇ" ಎಂದು ಜಾರಿಕೊಳ್ಳುತ್ತಿದ್ದೆ. ಸುಳ್ಳೇನಲ್ಲ. ರೋಗ ತರುವ ಗುಣ ತೆಗೆದ ವೈರಸ್ಸಿನ ಚಿಪ್ಪಿನೊಳಗೆ ಸರಿಯಾದ ಜೀನ್ ಇಟ್ಟು, ಸ್ನಾಯು ಸೋಲುವ ಮಕ್ಕಳ ಮೈಗೆ ಕಳಿಸುತ್ತೇವಲ್ಲ, ಅವನ್ನು ಬೆಳೆಸುವಾಗ ಎಷ್ಟೋ ಚಿಪ್ಪುಗಳು ಖಾಲಿಯೇ ಹುಟ್ಟುತ್ತವೆ. ನೋಡಲು ತುಂಬಿದ್ದೂ ಖಾಲಿಯೂ ಅವಳಿಜವಳಿ. ಖಾಲಿಯವು ಔಷಧಿಯಲ್ಲಿ ಉಳಿದರೆ ಗುಣ ಸೊನ್ನೆ, ಮಗುವಿನ ಪಿತ್ತಜನಕಾಂಗಕ್ಕೆ ಸುಮ್ಮನೆ ಹೊರೆ. ಉದ್ದನೆಯ ಕೊಳವೆಯಲ್ಲಿ ಉಪ್ಪುನೀರನ್ನು ಸ್ವಲ್ಪಸ್ವಲ್ಪವೇ ಹೆಚ್ಚು ಉಪ್ಪಾಗಿಸುತ್ತ ಹರಿಸಿ ಅವನ್ನು ಬೇರ್ಪಡಿಸುವುದು ನನ್ನ ಪಾಲಿನದು.

ಈ ಸಲದ ಬ್ಯಾಚಿನಲ್ಲಿ ಅವು ಬೇರೆಯಾಗಲೇ ಇಲ್ಲ. ಪರದೆಯ ಮೇಲಿನ ಗೆರೆಯಲ್ಲಿ ತುಂಬಿದ್ದಕ್ಕೊಂದು, ಖಾಲಿಯದಕ್ಕೊಂದು ಎಂದು ಎರಡು ಗುಡ್ಡ ಕಾಣಬೇಕಾದಲ್ಲಿ ಒಂದೇ ದಪ್ಪ ಗುಡ್ಡ. ನಮ್ಮ ಮೇಲಧಿಕಾರಿ ಬಂದು ಹಣೆ ಉಜ್ಜಿಕೊಂಡರು. ಕೆಟ್ಟವರಲ್ಲ ಅಕ್ಕಾ, ಅವರೂ ಸೋತಿದ್ದರು. "ಖಾಲಿ ಚಿಪ್ಪಿನ ಲೆಕ್ಕ ಮಿತಿಯ ಅಂಚಲ್ಲಿದೆ, ಸಹಿ ಹಾಕಿಬಿಡಮ್ಮ. ಅಲ್ಲಿ ಮಕ್ಕಳು ಕಾಯ್ತಿದಾರೆ" ಎಂದರು. "ಕಾಯ್ತಿರೋದು ಮಕ್ಕಳು ಅಂತಾನೇ ಹಾಕ್ತಿಲ್ಲ ಸರ್" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮತ್ತೊಮ್ಮೆ ಹರಿಸಲು ನಿಯಮದಲ್ಲಿ ಅವಕಾಶವಿತ್ತು, ಹರಿಸಿದೆ. ಚಿಪ್ಪುಗಳು ಒಂದಕ್ಕೊಂದು ಅಂಟಿಕೊಂಡು ದ್ರವವೇ ಮಬ್ಬಾಗಿಹೋಯಿತು. ಈಗ ಅದು ಯಾರಿಗೂ ಇಲ್ಲ. ಅಷ್ಟನ್ನೂ ವೈರಸ್ಸು ಕೊಲ್ಲುವ ರಾಸಾಯನಿಕದ ತೊಟ್ಟಿಗೆ ಸುರಿಯುವಾಗ ಅವರು ಪಕ್ಕದಲ್ಲೇ ನಿಂತು ಮುಚ್ಚಳ ಹಿಡಿದುಕೊಂಡಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಗಿನಿಂದ ಕೈ ತೊಳೆದದ್ದೇ ತೊಳೆದದ್ದು.

ಹೊತ್ತಿಗೆ ಸರಿಯಾಗಿ ಉಣ್ಣು. ಗುಂಡಣ್ಣನ ಎರಡೂ ಕೆನ್ನೆಗೆ ನನ್ನ ಲೆಕ್ಕದಲ್ಲಿ ಮುತ್ತು ಕೊಡು.

ನಿನ್ನ,
ತಂಗಿ

ತಾ.ಕ.: ಮರೆತದ್ದಲ್ಲ, ಧೈರ್ಯ ಸಾಲದೆ ಇಲ್ಲಿಗೆ ತಳ್ಳಿದೆ. ಆ ಬ್ಯಾಚು ನಿಮ್ಮ ಆಸ್ಪತ್ರೆಯದು. ಗುಂಡಣ್ಣನ ಔಷಧಿಯೂ ಅದರಲ್ಲೇ ಇತ್ತು. ಹೊಸದು ಬೆಳೆದು ಬರಲು ತಿಂಗಳುಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ಅವನ ಕಾಲು ಎಷ್ಟು ಸೋಲುತ್ತದೋ ನನಗೆ ತಿಳಿಯದು. ಸಹಿ ಒಲ್ಲೆ ಎಂದಾಗ ಇದೆಲ್ಲ ಗೊತ್ತಿದ್ದೇ ಒಲ್ಲೆ ಎಂದೆ. ಡಾಕ್ಟರು ಹೇಳುವ ಮೊದಲು ನನ್ನಿಂದಲೇ ತಿಳಿಯಲಿ. ಪತ್ರ ಒಯ್ಯಲು ಬಂದ ಭಾವ ಗೇಟಿನ ಹತ್ತಿರ ಕಾಯುತ್ತಿದ್ದಾರೆ, ಅವರಿಗಿನ್ನೂ ಹೇಳಿಲ್ಲ. ಈಗ ಎದ್ದು ಹೋಗಿ ಹೇಳುತ್ತೇನೆ.