ಮೀನಿನ ಮಾರ್ಕೆಟ್ಟಿನಿಂದ ತಂದ ಐಸ್

ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

ನಿಮ್ಮ ತುರ್ತು ವಾರ್ಡಿನಲ್ಲಿ ಐಸ್ ಇಲ್ಲ. ಹೆಣ ಇಡುವ ಕೋಣೆಯಲ್ಲಿ ಮಾತ್ರ ಬೇಕಾದಷ್ಟು ತಂಪು. ಸತ್ತ ಮೇಲೆ ತೋರಿಸುವ ಈ ಮರ್ಯಾದೆಯನ್ನು ಸ್ವಲ್ಪ ಮುಂಚೆ ತೋರಿಸಬಾರದೇ? ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ರೈಲ್ವೆ ಷೆಡ್ಡಿನಲ್ಲಿ ದುಡಿದವನು. ಮಾತು ಒರಟಾದರೆ ಸಹಿಸಿಕೊಳ್ಳಿ. ಇದನ್ನು ನಮ್ಮ ಪಲ್ಲಾವರಂ ಕನ್ನಡ ಸಂಘದ ಪತ್ರಿಕೆಗೆ ಕೊಡುತ್ತಿದ್ದೇನೆ, ಯಾರಾದರೂ ನಿಮಗೆ ತಮಿಳಿನಲ್ಲಿ ಓದಿ ಹೇಳಲಿ.

ಹೋದ ತಿಂಗಳು ನನ್ನ ಅಕ್ಕನ ಮಗ ಗುರುಚರಣ ಎದೆನೋವೆಂದು ಬಂದು ನಿಮ್ಮ ಬಾಗಿಲಲ್ಲೇ ಕುಸಿದುಬಿದ್ದ. ಎದೆಬಡಿತ ನಿಂತಿತ್ತು. ನಿಮ್ಮವರು ಎದೆ ಒತ್ತಿ, ಕರೆಂಟು ಕೊಟ್ಟು ಅದನ್ನು ಮತ್ತೆ ಬಡಿಯುವಂತೆ ಮಾಡಿದರು, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಅವನಿಗೆ ಎಚ್ಚರ ಬರಲಿಲ್ಲ. ಫಾರಿನ್ನಿನಲ್ಲಿ ಈಗೀಗ ಕಂಡುಕೊಂಡ ಚಿಕಿತ್ಸೆಯಂತೆ, ಮೈಯನ್ನು ಬೇಗ ತಣ್ಣಗೆ ಮಾಡಿದರೆ ಮೆದುಳು ಉಳಿಯಬಹುದಂತೆ. "ಐಸ್ ತನ್ನಿ, ತಡ ಮಾಡಬೇಡಿ" ಎಂದರು ಡಾಕ್ಟರಮ್ಮ. ಎಲ್ಲಿಂದ? ಅದು ನಮ್ಮ ತಲೆನೋವು.

ಸಿಕ್ಕಿದ್ದು ಮೀನಿನ ಮಾರ್ಕೆಟ್ಟಿನಲ್ಲಿ. ನನ್ನ ಹಣೆಯ ಅಂಗಾರ, ಅಕ್ಷತೆ ನೋಡಿ ಮೀನಿನ ಹೆಂಗಸು ನಕ್ಕಳು: "ಎನ್ನ ಸಾಮಿ, ಮೀನ್ ವೇಣ್ಡಾಮಾ? ಐಸ್ ಮಟ್ಟುಂ ಪೋದುಮಾ?" ಮೀನು ಬೇಡವೇ, ಬರೀ ಐಸ್ ಸಾಕೇ ಎಂದು ಕುಚೋದ್ಯ. ವಿಷಯ ಹೇಳಿದ ಮೇಲೆ, ತನ್ನ ಮೀನಿನ ಮೇಲಿದ್ದುದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿಕೊಟ್ಟಳು.

ಇನ್ನು ನಮ್ಮ ಘನಕಾರ್ಯ. ವಾರ್ಡಿನ ಬಾಗಿಲಲ್ಲಿ ಅಕ್ಕ ಪುಟ್ಟತಾಯಮ್ಮ ಚೀಲ ತಡೆದಳು.

"ಮೀನಿಗೆ ಹಾಕಿದ್ದು ಕಣೋ ಭೋಜ. ಮಗು ಮೈಗೆ ಹಾಗೇ ಸೋಕಿಸ್ತೀಯಾ? ತೊಳ್ಕೊಂಡು ಬಾ."

"ಅಕ್ಕ, ಐಸನ್ನ ಯಾರಾದ್ರೂ ತೊಳೀತಾರಾ?"

"ನಿನಗೆ ಮಡಿ ಗೊತ್ತಿದ್ದರೆ ತಾನೆ."

ಊರಿಗೆಲ್ಲ ಬೈಯುವ ನಾನು ಅಕ್ಕ ಹೇಳಿದಂತೆ ಚೀಲ ಹೊತ್ತು ಹೊರಟೆ. ಅಂಗಳದ ನಲ್ಲಿಯ ಕೆಳಗೆ ಇಬ್ಬರೂ ಕೂತು ಐಸ್ ತೊಳೆದೆವು. ಬಿಸಿಲಿಗೆ ಕಾದ ನೀರು. ವಾಸನೆ ಹೋಗುವಷ್ಟರಲ್ಲಿ ಉಳಿದದ್ದು ಒಂದು ಮುಷ್ಟಿ. ಹುಡುಕಿಕೊಂಡು ಬಂದ ನರ್ಸ್ ಹಣೆ ಚಚ್ಚಿಕೊಂಡಳು: "ಅಯ್ಯೋ ಪಾಟ್ಟಿ, ಕವರಿಲ್ ಪೋಟ್ಟು ದಾನೇ ವೈಪ್ಪೋಂ." ಪ್ಲಾಸ್ಟಿಕ್ ಕವರಿಗೆ ಹಾಕಿ ಇಡುವ ಐಸ್ ಅದು, ಮೈಗೆ ಸೋಕುವುದೇ ಇಲ್ಲ. ನಾನು ಮತ್ತೆ ಮಾರ್ಕೆಟ್ಟಿಗೆ ಓಡಿದೆ.

ಗುರುಚರಣ ಬದುಕಿದ್ದಾನೆ. ಉಣ್ಣುತ್ತಾನೆ, ನಡೆಯುತ್ತಾನೆ. ಹೆತ್ತ ತಾಯಿಯನ್ನು ಬಹಳ ಮರ್ಯಾದೆಯಿಂದ "ತಾವು ಯಾರು?" ಎಂದು ಕೇಳುತ್ತಾನೆ. ಆ ತಡದಿಂದಲೇ ಹೀಗಾಯಿತೇ ಎಂದರೆ, ಹಾಗೆಂದು ಹೇಳಲು ಬರುವುದಿಲ್ಲ ಎನ್ನುತ್ತಾರೆ ಡಾಕ್ಟರಮ್ಮ. ಅಕ್ಕ ಯಾರ ಮುಖವನ್ನೂ ನೋಡುವುದಿಲ್ಲ. ನಾನು ಅವಳ ಮುಖ ನೋಡುವುದಿಲ್ಲ.

ನಮ್ಮ ನಾಚಿಕೆ ನಮಗಿರಲಿ. ಆದರೆ ಅಷ್ಟೂ ನಮ್ಮದೇ ಏನು? ಐಸ್ ನಿಮ್ಮಲ್ಲೇ ಇದ್ದಿದ್ದರೆ ನಮ್ಮ ಮಡಿಗೆ ಅಲ್ಲಿ ಏನು ಕೆಲಸವಿತ್ತು? ವಾರ್ಡಿಗೊಂದು ಐಸ್ ಮೆಷೀನ್ ಹಾಕಿಸಿ. ಆಮೇಲೆ ಪಲ್ಲಾವರಂನ ನಮ್ಮ ಮನೆಗೆ ಬಂದು, "ಐಸ್ ಇಟ್ಟುಕೊಳ್ಳಬೇಕಾದದ್ದು ನಮ್ಮ ಕೆಲಸವಾಗಿತ್ತಮ್ಮ" ಎಂದು ಅಕ್ಕನೆದುರು ಹೇಳಿ. ತಮಿಳಿನಲ್ಲೇ ಹೇಳಿ, ಅವಳಿಗೆ ಅರ್ಥವಾಗುತ್ತದೆ. ನಾನು ಹೇಳಿದರೆ ನಂಬುತ್ತಿಲ್ಲ.

ಇಂತಿ,
ಬೈಯುವ ಹಕ್ಕು ಕಳೆದುಕೊಂಡೂ ಬೈದಿರುವ
ಭೋಜರಾಜ