ಪೆಟ್ಟಿಗೆಯ ದನಿ

ಮಂಜಿನ ತಿಂಗಳ ನಲವತ್ತನೇ ದಿನ, ಹೊಸ ಎಣಿಕೆಯ ೨೧೬ನೇ ವರ್ಷ,
ಆಂಡಿಸ್ ಬೆಟ್ಟ

ಮುತ್ತಜ್ಜ ಶಂಭುಲಿಂಗಯ್ಯನವರಿಗೆ,

ನನ್ನ ಕಾಲದ ಪದಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಈ ಪತ್ರದಲ್ಲಿ ನಾನು ಕ್ಷಮೆ ಕೇಳುವುದು ಇದೊಂದಕ್ಕೇ. ನಾನು ನಿಮ್ಮ ಮರಿಮಗಳ ಮರಿಮಗಳು ದೇವೀರಿ. ನಿಮ್ಮನ್ನು ಕಂಡರೆ ನನಗಾಗದು.

ಧಾರವಾಡದಿಂದ ಇಲ್ಲಿಯವರೆಗೆ ಕ್ಯಾಮೆರಾ ಹೊತ್ತು ನೀವು ಬಂದದ್ದು ಇರುವೆಪಿಟ್ಟಕ್ಕಾಗಿ. ಬಾಲವೇ ಇಲ್ಲವೇನೋ ಎಂಬಂಥ, ಉದ್ದ ಕಾಲಿನ, ಬಿದಿರ ಮೆಳೆಯಡಿ ಹುಳ ಹೆಕ್ಕುವ ಪುಟ್ಟ ಹಕ್ಕಿ. ನಾವದನ್ನು ಕುಳ್ಳ ಅನ್ನುತ್ತೇವೆ. ಕುಳ್ಳ ಸುಲಭಕ್ಕೆ ಕಣ್ಣಿಗೆ ಬೀಳುವವನಲ್ಲ. ಅದಕ್ಕೇ ನೀವು ಸ್ಪೀಕರ್ ಪೆಟ್ಟಿಗೆಯಲ್ಲಿ ಅವನದೇ ಜಾತಿಯ ಗಂಡಿನ ಕೂಗು ಹಾಕಿದಿರಿ. ಪರಗಂಡು ಗಡಿ ದಾಟಿತೆಂದು ಅವನು ಮೊಟ್ಟೆ ಬಿಟ್ಟು ಜಗಳಕ್ಕೆ ಓಡಿ ಬಂದ. ವಿಡಿಯೊದಲ್ಲಿ ನಿಮ್ಮ ಉತ್ಸಾಹ ಈಗಲೂ ಕೇಳುತ್ತದೆ: "ಇನ್ನೊಮ್ಮೆ ಹಚ್ಚಲೇ, ಬಂದ ಬರ್ತೈತಿ!" ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಫೋಟೊ ಮಾತ್ರ ಚೆನ್ನಾಗಿದೆ. ನಮ್ಮ ಗೋಡೆಯ ಮೇಲೇ ಇದೆ.

ನಿಮ್ಮಂಥವರು ಸಾಲುಗಟ್ಟಿ ಬಂದರು. ಕೂಗಿಗೆ ಓಡಿ ಬಂದ ಹಕ್ಕಿಗಳ ಗೂಡು ಬರಿದಾಯಿತು. ಬಾರದವುಗಳ ವಂಶ ಉಳಿಯಿತು. ಆ ತಪ್ಪು ತೀರಿಸಲೆಂದೇ ಇಲ್ಲಿ ಬಂದು ನೆಲೆಸಿದ ನಿಮ್ಮ ಮನೆತನದ ನಾವು ಈಗ ಅದರ ಕಾವಲಿನವರು. ನಮ್ಮೂರಲ್ಲಿ ಸಿಳ್ಳೆ ಹಾಕುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ. ಮೆಳೆಯ ಹತ್ತಿರ ಕೈಮಾತು, ಅಂದರೆ ಬೆರಳಲ್ಲೇ ಹರಟೆ. ಜಗಳವೂ ಬೆರಳಲ್ಲೇ, ಅದರಲ್ಲಿ ನಾನು ಪಳಗಿದವಳು. ಇಷ್ಟಾದರೂ ಈ ಬೆಟ್ಟದಲ್ಲಿ ಉಳಿದದ್ದು ಒಂದೇ ಗಂಡು.

ಆಚೆ ಕಣಿವೆಯಲ್ಲಿ ಅನಾಥವಾಗಿ ಸಿಕ್ಕ ಹೆಣ್ಣು ಮರಿಯೊಂದನ್ನು ನನ್ನ ಜೊತೆಗಾತಿ ಇಸೌರಾ ಎರೆಹುಳ ತಿನ್ನಿಸಿ ಬೆಳೆಸಿದಳು. ಈ ಜಾತಿಯಲ್ಲಿ ಇನ್ನೊಂದು ಹೆಣ್ಣಿಲ್ಲ. ಮೊನ್ನೆ ಆ ಹೆಣ್ಣು ಹಕ್ಕಿಯನ್ನು ಮೆಳೆಯಂಚಿಗೆ ಬಿಟ್ಟೆವು. ಎಷ್ಟು ಇಂಪಾಗಿ ಕೂಗಿದಳು ಗೊತ್ತೇ! ನನಗೆ ಅಳುವೇ ಬಂತು. ಕುಳ್ಳ ತಲೆಯೆತ್ತಿ ಕೇಳಿದ, ಸದ್ದಿಲ್ಲದೆ ಬಿದಿರಿನ ಒಳಕ್ಕೆ ಸರಿದ. ಅಲ್ಲಿಂದ ಹೊರಬಂದಿಲ್ಲ.

ನಮ್ಮ ಮನೆಯಲ್ಲಿ ಕನ್ನಡ ಕಲಿತ ಇಸೌರಾ ಕೈಮಾತು ಮರೆತು ಬಾಯಿಬಿಟ್ಟೇ ಅಂದಳು: "ಇಕಿನೂ ಪೆಟ್ಟಿಗಿ ಅಂತ ತಿಳಕೊಂಡಾನ."

ಅವನು ಬಾರದವರ ಮೊಮ್ಮಗ. ನಾನು ನಿಮ್ಮ ಮೊಮ್ಮಗಳು. ಯಾವ ಮುಖ ಹೊತ್ತು ಅವನನ್ನು ಕರೆಯಲಿ?

ಇದು ಮುಟ್ಟುವಾಗ ನೀವಿನ್ನೂ ಮೆಳೆಯ ಮುಂದೆ ನಿಂತಿದ್ದರೆ ಆ ಪೆಟ್ಟಿಗೆಯ ಗುಂಡಿ ಒತ್ತಬೇಡಿ. ಬರಿಗೈಲಿ ಊರಿಗೆ ಹೋಗಿ, ಗೆಳೆಯರು ನಕ್ಕರೆ ನಗಲಿ. ನಮ್ಮ ಗೋಡೆಗೆ ಬರೀ ಮೊಳೆ ಸಾಕು.

ಅವಳು ಇನ್ನೂ ಕೂಗುತ್ತಿದ್ದಾಳೆ.

ದೇವೀರಿ